ದೂಡಜ್ಜಿ ನಡುಗಡ್ಡೆ

ಮಡಲಕೇರಿಯ ಅಳಿವೆಯನ್ನು ದಾಟಿ ದೋಣಿ ಕಡಲಿಗೆ ಬಿದ್ದ ಕೂಡಲೇ ಪಡುವಣದಲ್ಲಿ ಬೋಗುಣಿ ಮಗುಚಿಟ್ಟಂತೆ ಕಾಣುವ ಹಸಿರು ಗುಡ್ಡವೇ ದೂಡಜ್ಜಿ ನಡುಗಡ್ಡೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಇಲ್ಲಿಗೆ ಹೋಗಿಬರುವವರು ಬಹಳ. ಕಿತ್ತಳೆ ಬಣ್ಣದ ತೇಲುಜಾಕೀಟು ತೊಟ್ಟ ಪ್ರವಾಸಿಗರನ್ನು ತುಂಬಿಕೊಂಡ ಮೋಟಾರು ದೋಣಿಗಳು ಬೆಳಗಿನಿಂದ ಬಿಸಿಲು ಬಾಗುವವರೆಗೆ ಓಡಾಡುತ್ತಲೇ ಇರುತ್ತವೆ. ಕೇರಿಗೂ ಗುಡ್ಡಕ್ಕೂ ನಡುವೆ ನೀರಿನಡಿ ಉದ್ದನೆಯ ಮರಳದಿಬ್ಬವೊಂದು ಮಲಗಿದೆ. ಕಡಲು ತುಂಬಿದಾಗ ಅದು ಇದೆಯೆಂದೇ ತಿಳಿಯದು, ಇಳಿತದಲ್ಲಿ ಮಾತ್ರ ದೊಡ್ಡ ಮೀನಿನ ಬೆನ್ನಿನಂತೆ ಮೇಲೆದ್ದು ಬರುತ್ತದೆ. ಅದನ್ನು ಬಳಸಿ ಹೋದರೆ ಗುಡ್ಡದ ಮೂಡಣ ಮಗ್ಗುಲಲ್ಲಿ ಬಿಳಿ ಮರಳಿನ ಚಿಕ್ಕ ತೀರ, ಅದರ ಹಿಂದೆ ತೆಂಗು, ತೆಂಗಿನ ಹಿಂದೆ ಮುಂಡುಗದ ಮುಳ್ಳುಪೊದೆ, ಪೊದೆಯ ನಡುವೆ ಸಿಹಿನೀರಿನ ಒಂದು ಬಾವಿ. ತೀರದಲ್ಲಿ ಯಾರೋ ಹಾಕಿಸಿದ ಫಲಕದ ಮೇಲೆ ‘ದೊಡ್ಡಜ್ಜಿ ದ್ವೀಪ’ ಎಂದು ಬರೆದಿದೆ. ಬರೆದವರಿಗೆ ದೂಡಜ್ಜಿ ಎಂಬುದು ಬಾಯಿತಪ್ಪಿನಂತೆ ಕೇಳಿಸಿರಬೇಕು. ಆದರೆ ಮಡಲಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅವಳು ದೊಡ್ಡಜ್ಜಿಯಲ್ಲ, ದೂಡಿದ ಅಜ್ಜಿ, ದೂಡಜ್ಜಿ.

ಹಿಂದೆ ಒಮ್ಮೆ, ಈ ಅಳಿವೆಯಲ್ಲಿ ಹಾಯಿಯ ದೋಣಿಗಳಷ್ಟೇ ಓಡಾಡುತ್ತಿದ್ದ ಕಾಲದಲ್ಲಿ, ಮಡಲಕೇರಿಯಲ್ಲಿ ಬೀರಮ್ಮ ಎಂಬ ವಿಧವೆಯೊಬ್ಬಳಿದ್ದಳು. ಅವಳ ಗಂಡ ಬೇರೆ ಊರಿನ ಆಳುಗಳನ್ನು ನಂಬಿ ದೂರದ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಆಳುಗಳು ಮಾತ್ರ ಒಣಗಿದ ಬಟ್ಟೆಯಲ್ಲಿ ಬಂದಿಳಿದು, ಬಿರುಗಾಳಿಗೆ ಸಿಕ್ಕಿದೆವೆಂದು ಅತ್ತು ಹೋದರು. ಅಂದಿನಿಂದ ಬೀರಮ್ಮ ಯಾರ ಮಾತನ್ನೂ ಹಾಗೆಯೇ ನುಂಗಿದವಳಲ್ಲ. ಒಡಹುಟ್ಟಿದ ಅಣ್ಣ ಜಟ್ಟಪ್ಪ ತನ್ನ ಬಲೆಯಿಂದ ಆಗತಾನೆ ಬಿಡಿಸಿ ಕೊಟ್ಟ ಮೀನನ್ನೂ ಕಿವಿರೆತ್ತಿ ಮೂಸಿ ನೋಡಿಯೇ ಬುಟ್ಟಿಗೆ ಹಾಕುತ್ತಿದ್ದಳು. ಕೇರಿಯವರು ಅವಳಿಗೆ ಮೂಸುವ ಬೀರಮ್ಮ ಎಂದು ಹೆಸರಿಟ್ಟು, ಅವಳೆದುರಿಗೇ ನಗುತ್ತಿದ್ದರು. ಅವಳು ಬೇಸರಪಡುತ್ತಿರಲಿಲ್ಲ, ನಗುವವರ ಮುಖವನ್ನೂ ಒಮ್ಮೆ ಸಂಶಯದಿಂದ ನೋಡಿ ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಜಟ್ಟಪ್ಪ ಕೇರಿಯ ಯಜಮಾನ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಹೆಣ್ಣುಕೂಸು ಸುಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ಬೆಳೆಸಿದವಳು ಬೀರಮ್ಮನೇ.

ಸುಬ್ಬಿ ಮದುವೆಗೆ ಬಂದ ವರ್ಷ, ಗಾಳಿ ತಿರುಗುವ ಹೊತ್ತಿಗೆ, ಹೊನ್ನಯ್ಯ ಎಂಬ ಗಂಡಸು ತನ್ನ ಕಡೆಯ ಕೆಲವರೊಂದಿಗೆ ಅಳಿವೆಯಲ್ಲಿ ಬಂದಿಳಿದ. ನೋಡಲು ಲಕ್ಷಣವಾಗಿದ್ದ, ಮಾತು ಬೆಣ್ಣೆಯಂತಿತ್ತು. ತಾವೂ ಮೀನುಗಾರರೇ, ಅಜ್ಜನ ಕಾಲದಲ್ಲಿ ತೆಂಕಣ ಸೀಮೆಯ ಜಗಳಕ್ಕೆ ಬೇಸತ್ತು ಕಡಲಿನತ್ತ ಸರಿದ ಜನ, ಈಗ ನಿಮ್ಮ ಊರಿನೆದುರಿನ ನಡುಗಡ್ಡೆಯಲ್ಲಿ ನೆಲೆ ನಿಂತಿದ್ದೇವೆ ಎಂದು ಹೇಳಿಕೊಂಡ. ಆ ಗುಡ್ಡಕ್ಕೆ ಆಗ ಹೆಸರೇ ಇರಲಿಲ್ಲ. ಮರಳದಿಬ್ಬದ ಭಯಕ್ಕೆ ಕೇರಿಯವರು ಅತ್ತ ಹೋಗುವುದೂ ಅಪರೂಪ. ಹೊನ್ನಯ್ಯ ಸುಬ್ಬಿಯನ್ನು ಕೇಳಿದ, ಹೆಣ್ಣಿನ ತೆರವಾಗಿ ಬೆಳ್ಳಿಯ ಕಡಗಗಳನ್ನು ಮುಂದಿಟ್ಟ, ಮದುವೆ ನಮ್ಮಲ್ಲೇ ಆಗಲಿ ಎಂದ. ಜಟ್ಟಪ್ಪ ಒಮ್ಮೆ ಹೋಗಿ ಮನೆ ನೋಡಿಕೊಂಡೂ ಬಂದ. ಅವನ ಹಿಗ್ಗು ಹೇಳತೀರದು.

ಕೇರಿಗೆ ಕೇರಿಯೇ ಮೆಚ್ಚಿಕೊಂಡ ಆ ಗಂಡನ್ನು ಬೀರಮ್ಮ ಮಾತ್ರ ಮೂಸಿ ನೋಡತೊಡಗಿದಳು. ವೀಳ್ಯ ಕೊಡುವ ನೆಪದಲ್ಲಿ ಅವನ ಅಂಗೈ ನೋಡಿದಳು. ಹೆಬ್ಬೆರಳ ಸಂದಿಯಲ್ಲಿ ಬಲೆಯ ಹಗ್ಗ ಕೊರೆದ ಗುರುತಿರಲಿಲ್ಲ. ಕಡಲಿನ ಮಂದಿ ದಡ ಹತ್ತಿದೊಡನೆ ಮೊದಲು ಗಾಳಿಯ ಮಾತಾಡುತ್ತಾರೆ. ಇವನು ಗಾಳಿಯ ಸುದ್ದಿ ಎತ್ತಲಿಲ್ಲ. ಅವನ ಜನ ಅವನೆದುರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿರಲಿಲ್ಲ. ಎಲ್ಲಕ್ಕಿಂತ ಅವಳ ಗಂಟಲಿಗೆ ಸಿಕ್ಕಿಕೊಂಡದ್ದು ಅವನ ಒಂದು ವಿಚಾರಣೆ. ಮದುಮಗಳ ಜೊತೆಗೆ ಗೆಳತಿಯರು ಎಷ್ಟು ಮಂದಿ ಬರುತ್ತಾರೆ ಎಂದು ಅವನು ಊಟಕ್ಕೆ ಕುಳಿತಾಗ ಒಮ್ಮೆ ಕೇಳಿದ, ಹೊರಟು ನಿಂತಾಗ ಮತ್ತೊಮ್ಮೆ ಕೇಳಿದ. ಗಂಡಸರು ಎಷ್ಟು ಎಂದು ಕೇಳಲಿಲ್ಲ.

ಬೀರಮ್ಮ ಅಣ್ಣನನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿದಳು. ಅಲ್ಲಿ ಮಕ್ಕಳಿದ್ದವೇ? ಜಟ್ಟಪ್ಪನಿಗೆ ನೆನಪಿಲ್ಲ. ನಾಯಿ ಬೊಗಳಿತೇ? ಅದೂ ನೆನಪಿಲ್ಲ. ಮೀನು ಒಣಗಿಸುವ ಜಾಗ ಎಲ್ಲಿತ್ತು? ಜಟ್ಟಪ್ಪ ಇದಕ್ಕೆ ಮಾತ್ರ ಹೆಮ್ಮೆಯಿಂದ ಉತ್ತರ ಕೊಟ್ಟ. ನಮ್ಮ ಕೇರಿಯ ಹಾಗಲ್ಲ ತಂಗಿ, ಅಲ್ಲಿ ಗಬ್ಬು ವಾಸನೆಯೇ ಇಲ್ಲ, ಹೊಸ ಸೋಗೆಯ ಪರಿಮಳ ಎಂದ.

“ಮೀನಿನ ವಾಸನೆ ಇಲ್ಲದ ಮೀನುಗಾರರ ಊರು ಎಲ್ಲಾದರೂ ಉಂಟಾ ಅಣ್ಣ?” ಎಂದಳು ಬೀರಮ್ಮ.

ಜಟ್ಟಪ್ಪನಿಗೆ ಸಿಟ್ಟು ಬಂತು. ನಿನ್ನ ಮೂಗಿಗೆ ಹೆದರಿ ಕೂತರೆ ಹುಡುಗಿ ಮುದುಕಿಯಾಗುತ್ತಾಳೆ ಎಂದು ಎದ್ದು ಹೋದ. ಸುಬ್ಬಿಯೂ ಅತ್ತೆಯೊಡನೆ ಮಾತು ಬಿಟ್ಟಳು. ತೆಂಕಣದ ಊರುಗಳಿಂದ ಹೆಣ್ಣುಮಕ್ಕಳು ಕಾಣೆಯಾಗುತ್ತಿದ್ದಾರೆ, ಅವರನ್ನು ಹಡಗಿನಲ್ಲಿ ತುಂಬಿ ದೂರದ ಬಂದರುಗಳಲ್ಲಿ ಮಾರುತ್ತಾರೆ ಎಂಬ ಸುದ್ದಿ ಆ ದಿನಗಳಲ್ಲಿ ಉಪ್ಪಿನ ದೋಣಿಯವರ ಬಾಯಲ್ಲಿತ್ತು. ಬೀರಮ್ಮ ಅದನ್ನು ಹೇಳಿದರೆ ಅಪಶಕುನ ನುಡಿಯಬೇಡ ಎಂದು ಗದರಿದರು. ಕೊನೆಗೆ ಅವಳು ಒಂದೇ ಒಂದು ಮಾತು ನಡೆಸಿಕೊಂಡಳು. ಗಂಡಸರ ದೋಣಿ ಮುಂದೆ ಹೋಗಲಿ, ಹೆಂಗಸರ ದೋಣಿ ಹಿಂದೆ ಬರಲಿ, ಎದುರುಗೊಳ್ಳುವ ಶಾಸ್ತ್ರವಾಗುವ ತನಕ ಮದುಮಗಳು ನೆಲಕ್ಕೆ ಕಾಲಿಡುವುದು ಬೇಡ, ಇದು ನಮ್ಮ ಮನೆತನದ ಪದ್ಧತಿ ಎಂದಳು. ಅಂಥ ಪದ್ಧತಿ ಯಾವುದೂ ಇರಲಿಲ್ಲ. ಆದರೆ ಮದುವೆಯ ಗದ್ದಲದಲ್ಲಿ ಅದನ್ನು ಯಾರು ವಿಚಾರಿಸುತ್ತಾರೆ.

ಮದುವೆಯ ಬೆಳಗ್ಗೆ ಎರಡು ದೋಣಿಗಳು ಹೊರಟವು. ಕಡಲು ಎಣ್ಣೆ ಸುರಿದಂತೆ ಮಲಗಿತ್ತು. ಗಂಡಸರ ದೋಣಿಯಲ್ಲಿ ಡೋಲು, ಹಾಸ್ಯ, ನಗು. ಹೆಂಗಸರ ದೋಣಿಯಲ್ಲಿ ಸುಬ್ಬಿ, ಅವಳ ಗೆಳತಿಯರು, ಕೇರಿಯ ನಾಲ್ಕಾರು ಮುತ್ತೈದೆಯರು. ಹಿಂದೆ ಹುಟ್ಟು ಹಾಕಲು ದಾರು ಎಂಬ ಹಳೆಯ ದೋಣಿಗಾರ, ಮುಂದೆ ಮೂತಿಯಲ್ಲಿ ಬಿದಿರಿನ ಗಳ ಹಿಡಿದು ಬೀರಮ್ಮ. ಗುಡ್ಡ ಹತ್ತಿರವಾದಷ್ಟೂ ಅವಳ ಕಣ್ಣು ಕಿರಿದಾಯಿತು. ತೆಂಗಿನ ನಡುವಿನ ಗುಡಿಸಲುಗಳ ಸೋಗೆ ಒಂದೇ ಬಣ್ಣ, ಒಂದು ಮಳೆಯನ್ನೂ ಕಂಡಿಲ್ಲ. ಅಂಗಳದಲ್ಲಿ ಒಲೆಗಳು ಉರಿಯುತ್ತಿದ್ದವು, ಆದರೆ ಒಲೆಗಲ್ಲುಗಳು ಮಸಿ ಹಿಡಿದಿರಲಿಲ್ಲ. ದಡದಲ್ಲಿ ಕೈಮುಗಿದು ನಿಂತವರೆಲ್ಲ ಗಂಡಸರು. ಮೀನಿನ ಊರಿನ ಮೇಲೆ ಯಾವಾಗಲೂ ಸುತ್ತುವ ಹದ್ದುಗಳು ಈ ಗುಡ್ಡದ ಮೇಲೆ ಒಂದೂ ಇರಲಿಲ್ಲ. ಇಷ್ಟು ಜನ ಇರುವ ಊರಿನ ದೋಣಿಗಳಾದರೂ ಎಲ್ಲಿ ಎಂದು ಅವಳು ದಾರುವನ್ನು ಕೇಳಿದಳು. ಹಿಂದಿನ ಮಗ್ಗುಲಲ್ಲಿ ಎಳೆದಿಟ್ಟಿರಬಹುದು ಎಂದ ದಾರು. ಮದುವೆಯ ದಿನ ದೋಣಿಯನ್ನು ಎದುರಿಗಿಟ್ಟು ಸಿಂಗರಿಸುತ್ತಾರೋ, ಹಿಂದೆ ಬಚ್ಚಿಡುತ್ತಾರೋ ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡಳು.

ಗಂಡಸರು ಇಳಿದರು. ಹೊನ್ನಯ್ಯ ಜಟ್ಟಪ್ಪನನ್ನು ತಬ್ಬಿಕೊಂಡು ಮೇಲಕ್ಕೆ ಕರೆದುಕೊಂಡು ಹೋದ. ಚಪ್ಪರದಡಿಯಲ್ಲಿ ಕಳ್ಳಿನ ಮಡಕೆಗಳು ಕಾದಿದ್ದವು. ಅಷ್ಟರಲ್ಲಿ ಹೆಂಗಸರ ದೋಣಿಯ ಮೂತಿಯೂ ಮರಳಿಗೆ ಮುಟ್ಟಿತು. ಬೀರಮ್ಮ ಗಳವನ್ನು ಅಡ್ಡ ಹಿಡಿದು, ಶಾಸ್ತ್ರವಾಗುವ ತನಕ ಯಾರೂ ಏಳಬಾರದು ಎಂದಳು. ಎದುರುಗೊಳ್ಳಲು ಗಂಡಿನ ತಾಯಿ ಬರಬೇಕು ಎಂದು ದಡಕ್ಕೆ ಕೂಗಿದಳು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ದಡದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗುಡಿಸಲುಗಳ ಹಿಂದಿನಿಂದ ಒಬ್ಬ ಮುದುಕಿಯನ್ನು ಕರೆತಂದರು. ಉಟ್ಟ ಸೀರೆ ಹೊಸದು, ನೆರಿಗೆ ಇನ್ನೂ ಮುರಿದಿರಲಿಲ್ಲ. ಕೈಯಲ್ಲಿ ಆರತಿಯ ತಟ್ಟೆ ಇತ್ತು. ಅವಳು ನೀರಿಗಿಳಿದು ದೋಣಿಯ ಬಳಿ ಬಂದಳು. ತಟ್ಟೆಯನ್ನು ದೋಣಿಯ ಅಂಚಿನೊಳಗೆ ಇಟ್ಟು, ದಡಕ್ಕೆಲ್ಲ ಕೇಳುವ ಹಾಗೆ, “ಇಳಿ ಮಗಳೇ, ಇಳಿ, ನಿನ್ನ ಮನೆ ಇದು” ಎಂದಳು. ಹಾಗೆನ್ನುತ್ತಲೇ ಎರಡೂ ಕೈಗಳಿಂದ ದೋಣಿಯ ಮೂತಿಯನ್ನು ಹಿಡಿದುಕೊಂಡಳು.

ಆ ಹಿಡಿತ ಬೀರಮ್ಮನಿಗೆ ಸರಿಕಾಣಲಿಲ್ಲ. ಆರತಿ ಎತ್ತಬೇಕಾದ ಕೈ ದೋಣಿಯನ್ನೇಕೆ ಹಿಡಿಯಬೇಕು? ದೋಣಿಯನ್ನು ದಡಕ್ಕೆಳೆದು ಮರಳಿಗೆ ಹೂಳಲು ಬಂದವಳು ಇವಳು, ಇವಳೇ ಈ ಬಲೆಯ ಗಂಟು ಎಂದು ಅವಳ ಮೈಯೆಲ್ಲ ಉರಿದುಹೋಯಿತು. ಹಿಂದೆಮುಂದೆ ನೋಡದೆ ಗಳವನ್ನೆತ್ತಿ ಮುದುಕಿಯ ಬೆರಳ ಗೆಣ್ಣಿಗೆ ಬಡಿದಳು. ಚರ್ಮ ಸುಲಿದು ರಕ್ತ ಬಂತು. ಮುದುಕಿ ಕೈ ಬಿಡಲಿಲ್ಲ, ನೋವೆಂದೂ ಕೂಗಲಿಲ್ಲ. ಇಳಿ ಮಗಳೇ, ಇಳಿ ಎಂದು ಇನ್ನೂ ದೊಡ್ಡ ದನಿಯಲ್ಲಿ ಕರೆದಳು. ಬೀರಮ್ಮ ಎರಡನೆಯ ಪೆಟ್ಟಿಗೆ ಗಳ ಎತ್ತಿದಾಗ ದೋಣಿಯಡಿಯಲ್ಲಿ ಮರಳು ಕರ್ರೆಂದಿತು. ದೋಣಿ ಮುಂದಕ್ಕೆ ಬರಲಿಲ್ಲ, ಹಿಂದಕ್ಕೆ ಸರಿಯಿತು. ಮುದುಕಿ ಎಳೆಯುತ್ತಿರಲಿಲ್ಲ. ಕಾಲನ್ನು ಮರಳಿಗೆ ಊರಿ, ಎದೆಯನ್ನು ದೋಣಿಗೆ ಆನಿಸಿ ದೂಡುತ್ತಿದ್ದಳು.

ಬೀರಮ್ಮ ಅವಳ ಮುಖ ನೋಡಿದಳು. ದಡಕ್ಕೆ ಕಾಣದ ಆ ಮುಖದಲ್ಲಿ ನಗು ಇರಲಿಲ್ಲ. ತುಟಿ ಮಾತ್ರ ಕರೆಯುತ್ತಿತ್ತು, ಕಣ್ಣು ಬೇಡುತ್ತಿತ್ತು. ಈ ದೂಡುವುದೂ ಒಂದು ಹೂಟವಾಗಿದ್ದರೆ? ಇಳಿತದ ಸೆಳೆತಕ್ಕೆ ದೋಣಿಯನ್ನು ಬಿಟ್ಟು ಹಿಂದಿನ ಮಗ್ಗುಲಿಗೆ ಸಾಗಿಸುವ ಉಪಾಯವಾಗಿದ್ದರೆ? ಅಷ್ಟು ವರ್ಷ ಮೂಸಿ ಮೂಸಿ ಬದುಕಿದ ಹೆಂಗಸಿಗೆ ಆ ಒಂದು ಗಳಿಗೆಯಲ್ಲಿ ಮೂಸಲು ಏನೂ ಸಿಗಲಿಲ್ಲ. ಅವಳು ಗಳವನ್ನು ಕೆಳಗಿಟ್ಟಳು. ಮುಂದಕ್ಕೆ ಬಾಗಿ ಮುದುಕಿಯ ರಟ್ಟೆ ಹಿಡಿದು, ಹತ್ತು, ನೀನೂ ಬಾ ಎಂದು ಪಿಸುಗುಟ್ಟಿದಳು. ಮುದುಕಿ ಒಲ್ಲೆನೆಂದು ತಲೆಯಾಡಿಸಿದಳು.

“ನಾನು ಹತ್ತಿದರೆ ಕೂಗುವವರು ಯಾರು?” ಎಂದಳು. ಅದು ತೆಂಕಣ ಸೀಮೆಯ ರಾಗ. ಹೀಗೇಕೆ ಅಂದಳೆಂದು ಬೀರಮ್ಮನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಹೊತ್ತೂ ಇರಲಿಲ್ಲ. ಮುದುಕಿ ಕೊನೆಯ ಸಲ ಮೈಯೆಲ್ಲ ಒತ್ತಿ ದೂಡಿದಳು. ದೋಣಿ ಮರಳು ಬಿಟ್ಟು ನೀರಿಗೆ ಬಿತ್ತು, ಸೆಳೆತ ಅದನ್ನು ಎತ್ತಿಕೊಂಡಿತು. ತಾವು ಓಡುತ್ತಿರುವುದು ದಡಕ್ಕೆ ತಿಳಿಯದಿರಲೆಂದು ಬೀರಮ್ಮ ದಾರುವಿಗೆ ಹುಟ್ಟು ಎತ್ತಿ ಸುಮ್ಮನೆ ಕೂತಿರು ಎಂದಳು. ಸುಬ್ಬಿಯ ತಲೆಯನ್ನು ತನ್ನ ಮಂಡಿಗೆ ಒತ್ತಿ ಹಿಡಿದಳು.

ದೋಣಿ ನಾಲ್ಕು ಮಾರು ದೂರ ಹೋಗುವವರೆಗೆ ಕಾದು ಮುದುಕಿ ಗುಡ್ಡ ನಡುಗುವ ಹಾಗೆ ಕೂಗಿಕೊಂಡಳು. ದೋಣಿ ಹೋಯಿತು, ಮದುಮಗಳು ಹೋದಳು, ಸೆಳೆತಕ್ಕೆ ಸಿಕ್ಕಿದರು, ಓಡಿ ಬನ್ನಿ, ಎಲ್ಲರೂ ಬನ್ನಿ ಎಂದು ಎದೆ ಬಡಿದುಕೊಂಡಳು. ಚಪ್ಪರದಡಿ ಕುಡಿಯಲು ಕೂತಿದ್ದವರು ಎದ್ದು ಬಿದ್ದು ಓಡಿ ಬಂದರು. ಹೊನ್ನಯ್ಯನ ಜನವೂ ಗುಡಿಸಲು ಬಿಟ್ಟು ದಡಕ್ಕೆ ನುಗ್ಗಿತು. ಅವರ ಭಾರದ ದೋಣಿಗಳು ಹಿಂದಿನ ಮಗ್ಗುಲಲ್ಲಿ ಇಳಿತದ ಒಣಮರಳಿನ ಮೇಲೆ ಕೂತಿದ್ದವು. ತೀರದಲ್ಲಿ ನೀರಿನ ಮೇಲಿದ್ದದ್ದು ಮಡಲಕೇರಿಯ ಗಂಡಸರ ದೋಣಿಯೊಂದೇ. ಹೊನ್ನಯ್ಯನೇ ಜಟ್ಟಪ್ಪನ ಬೆನ್ನಿಗೆ ಕೈಯಿಟ್ಟು, ಬೇಗ ಹೋಗಿ ಹಿಡಿದು ತನ್ನಿ ಎಂದು ಅವಸರಪಡಿಸಿದನಂತೆ. ಮಗಳು ಕಡಲಿಗೆ ಹೋಗುತ್ತಿದ್ದಾಳೆಂದರೆ ಯಾವ ಅಪ್ಪ ನಿಲ್ಲುತ್ತಾನೆ? ಕೇರಿಯ ಗಂಡಸರೆಲ್ಲ ಹಾರಿ ಕೂತು ಹುಟ್ಟು ಹಾಕಿದರು.

ಮರಳದಿಬ್ಬದ ಬಳಿ ಎರಡು ದೋಣಿಗಳೂ ಕೂಡಿದವು. ಜಟ್ಟಪ್ಪ ಹೆಂಗಸರ ದೋಣಿಯ ಅಂಚು ಹಿಡಿದು, ತಿರುಗಿಸು ಎಂದು ದಾರುವಿಗೆ ಹೇಳಿದ. ದಾರು ಬೀರಮ್ಮನ ಮುಖ ನೋಡಿದ. ಬೀರಮ್ಮ ತಿರುಗಿಸಬೇಡ ಎಂದಳು. ಜಟ್ಟಪ್ಪ ಅವಳತ್ತ ತಿರುಗಿದ. ಮಗಳ ಬಾಳು ಹಾಳುಮಾಡಲೆಂದೇ ಬಂದೆಯಾ, ಆ ಮುದುಕಿ ಬಾಯಿ ತುಂಬ ಕರೆದದ್ದು ನಿನಗೆ ಕೇಳಲಿಲ್ಲವೇ ಎಂದು ಕೇಳಿದ.

“ಬಾಯಿ ಇಳಿ ಅಂತು, ಕೈ ಹೋಗು ಅಂತು. ನಾನು ಕೈಯ ಮಾತು ಕೇಳಿದೆ” ಎಂದಳು ಬೀರಮ್ಮ.

ಜಟ್ಟಪ್ಪ ನಂಬಲಿಲ್ಲ. ಹುಟ್ಟಿಗೆ ತಾನೇ ಕೈಹಾಕಿದ. ಆಗ ಸುಬ್ಬಿ, ಅಷ್ಟು ದಿನ ಅತ್ತೆಯ ಕೂಡ ಮಾತು ಬಿಟ್ಟಿದ್ದವಳು, ಅಪ್ಪಾ ಎಂದು ದಡದತ್ತ ತೋರಿಸಿದಳು. ಹೊನ್ನಯ್ಯ ಆ ಮುದುಕಿಯನ್ನು ಕೂದಲು ಹಿಡಿದು ನೀರಿನಿಂದ ಮೇಲಕ್ಕೆ ಎಳೆಯುತ್ತಿದ್ದ. ತಾಯಿಯನ್ನು ಯಾರೂ ಹಾಗೆ ಎಳೆಯುವುದಿಲ್ಲ. ಗುಡ್ಡದ ಹಿಂದಿನಿಂದ ಅವನ ಜನ ದೋಣಿಯೊಂದನ್ನು ಮರಳಿನ ಮೇಲೆ ಜಗ್ಗುತ್ತಿರುವುದು ಕಂಡಿತು. ಬಿಸಿಲಿಗೆ ಅವರ ಸೊಂಟದಲ್ಲಿ ಕತ್ತಿಗಳು ಮಿಂಚಿದವು. ಜಟ್ಟಪ್ಪ ಹುಟ್ಟನ್ನೂ ದೋಣಿಯ ಅಂಚನ್ನೂ ಬಿಟ್ಟ. ಕೇರಿಯವರ ಹಗುರ ದೋಣಿಗಳು ದಿಬ್ಬದ ಮೇಲಿನ ಮೊಣಕಾಲು ನೀರಿನಲ್ಲಿ ಹೇಗೋ ತೆವಳಿ ಈಚೆಗೆ ಬಿದ್ದವು. ಬೆನ್ನಟ್ಟಿ ಬಂದ ಭಾರದ ದೋಣಿ ದಿಬ್ಬಕ್ಕೆ ಕೂತು ಅಲ್ಲಾಡಲಿಲ್ಲ.

ಮಾರನೆಯ ದಿನ ಕಡಲು ತುಂಬಿದ ಹೊತ್ತಿಗೆ ಸುತ್ತಲ ಕೇರಿಗಳ ದೋಣಿಗಳೆಲ್ಲ ಸೇರಿ ಗುಡ್ಡಕ್ಕೆ ಹೋದವು. ಬೇಡವೆಂದರೂ ಕೇಳದೆ ಬೀರಮ್ಮನೂ ಹೋದಳು. ಗುಡಿಸಲುಗಳು ಸುಟ್ಟು ಬೂದಿಯಾಗಿದ್ದವು, ಹೊನ್ನಯ್ಯನ ಜನ ಒಬ್ಬರೂ ಇರಲಿಲ್ಲ. ಕಡಲಿನ ಪಡುವಣ ಅಂಚಿನಲ್ಲಿ ಹಡಗೊಂದರ ಹಾಯಿ ಮರೆಯಾಗುತ್ತಿರುವುದನ್ನು ಕಂಡೆವೆಂದು ಕೆಲವರು ಹೇಳಿದರು. ದಂಡು ಬರುವ ಭಯಕ್ಕೆ ಅವರು ಕಂಬಿ ಕಿತ್ತಿದ್ದರು. ಗಂಡಸರು ಬಾವಿಯ ಬಳಿ ಹುಡುಕುತ್ತಿದ್ದಾಗ ಮುಂಡುಗದ ಪೊದೆಯೊಳಗಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು. ಮುಳ್ಳು ಸರಿಸಿ ನೋಡಿದರೆ ಮೈಯೆಲ್ಲ ಗೀರಿ ರಕ್ತ ಹೆಪ್ಪುಗಟ್ಟಿದ್ದ ಹೆಣ್ಣುಮಕ್ಕಳು, ಒಬ್ಬರ ಮೇಲೊಬ್ಬರು ಒರಗಿ ಕೂತಿದ್ದರು. ಊರೂರುಗಳಿಂದ ಕದ್ದು ತಂದು ಹಿಂದಿನ ಗುಡಿಸಲಿನಲ್ಲಿ ಕೂಡಿ ಹಾಕಿದ್ದವರು ಅವರು. ಅಡುಗೆಗೆಂದು ಹಿಡಿದಿಟ್ಟುಕೊಂಡಿದ್ದ ಮುದುಕಿ ಮದುವೆಯ ಬೆಳಗ್ಗೆ ಗಂಜಿ ಕೊಡಲು ಬಂದವಳು ಅವರ ಕಟ್ಟು ಸಡಿಲಿಸಿ ಒಂದೇ ಮಾತು ಹೇಳಿದ್ದಳಂತೆ. ನಾನು ದಡದಲ್ಲಿ ಕೂಗಿಕೊಳ್ಳುತ್ತೇನೆ, ಕಾವಲಿನವರೆಲ್ಲ ಅತ್ತ ಓಡುತ್ತಾರೆ, ಆಗ ನೀವು ಮುಳ್ಳಿಗೆ ನುಗ್ಗಿ, ಯಾರು ಕರೆದರೂ ಹೊರಗೆ ಬರಬೇಡಿ ಎಂದು. ಕೂಗುವವರು ಯಾರು ಎಂದು ಮುದುಕಿ ಕೇಳಿದ್ದರ ಅರ್ಥ ಬೀರಮ್ಮನಿಗೆ ಆಗ ಹೊಳೆಯಿತು.

ಮುದುಕಿ ಸಿಗಲಿಲ್ಲ. ಹಡಗಿನಲ್ಲಿ ಎತ್ತಿಕೊಂಡು ಹೋದರು ಎಂದು ಕೆಲವರು, ಕಡಲಿಗೆ ನೂಕಿದರು ಎಂದು ಕೆಲವರು ಹೇಳುತ್ತಾರೆ. ಪೊದೆಯಲ್ಲಿದ್ದ ಹುಡುಗಿಯರು ಏನನ್ನೂ ಕಂಡಿರಲಿಲ್ಲ. ಬೀರಮ್ಮ ಯಾರು ಹೇಳಿದ್ದನ್ನೂ ಒಪ್ಪಲಿಲ್ಲ. ಹುಡುಗಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು ಆ ಮುದುಕಿಯ ಮೊಮ್ಮಗಳು, ಇನ್ನೂ ಹಾಲುಹಲ್ಲಿನ ಕೂಸು. ಬೀರಮ್ಮ ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು, ನಿನ್ನ ಅಜ್ಜಿಯ ಹೆಸರೇನು ಮಗಾ ಎಂದು ಕೇಳಿದಳು. ಅಜ್ಜಿ ಎಂದಿತು ಕೂಸು. ಊರಿನವರು ಏನೆಂದು ಕರೆಯುತ್ತಿದ್ದರು? ಅಜ್ಜಿ. ಬೇರೆ ಹುಡುಗಿಯರಿಗೂ ಗೊತ್ತಿರಲಿಲ್ಲ. ಆ ಗುಡಿಸಲಿನಲ್ಲಿ ಹೆಸರು ಕೇಳಿಕೊಳ್ಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಬೀರಮ್ಮ ಆ ಕೂಸನ್ನು ತನ್ನದಾಗಿ ಸಾಕಿದಳು. ತೆಂಕಣದಿಂದ ಬಂದ ಪ್ರತಿ ದೋಣಿಯನ್ನೂ ತಡೆದು, ನಿಮ್ಮ ಕಡೆ ಕಳೆದುಹೋದ ಮುದುಕಿಯೊಬ್ಬಳ ಹೆಸರು ಹೇಳಿ ಎಂದು ಬದುಕಿರುವ ತನಕ ಕೇಳಿದಳಂತೆ. ಹೆಸರು ಸಿಗಲಿಲ್ಲ. ಹೀಗಾಗಿ ಅವಳು ಮಾಡಿದ ಕೆಲಸವೇ ಅವಳ ಹೆಸರಾಯಿತು, ಅವಳ ಹೆಸರೇ ಗುಡ್ಡದ್ದೂ ಆಯಿತು ಎನ್ನುತ್ತಾರೆ.

ಇಂದಿಗೂ ಆ ಬಿಳಿ ಮರಳಿನಿಂದ ಹೊರಡುವಾಗ ಮಡಲಕೇರಿಯ ದೋಣಿಗಾರರು ಗಳ ಊರುವುದಿಲ್ಲ, ಮೋಟಾರನ್ನೂ ತಟ್ಟನೆ ಚಾಲೂ ಮಾಡುವುದಿಲ್ಲ. ಅಲ್ಲಿ ಎಳನೀರು ಮಾರಲು ಕೂತಿರುವ ಕೇರಿಯ ಮುದುಕಿಯರಲ್ಲಿ ಒಬ್ಬಳು ಎದ್ದು, ಸೀರೆಯನ್ನು ಮೊಣಕಾಲಿಗೆತ್ತಿ ನೀರಿಗಿಳಿಯುತ್ತಾಳೆ. ದೋಣಿಯ ಮೂತಿಗೆ ಎರಡೂ ಅಂಗೈ ಒತ್ತಿ ಒಮ್ಮೆ ದೂಡುತ್ತಾಳೆ. ಯಂತ್ರ ಕೆಟ್ಟಿತೆಂದು ತಿಳಿದ ಪ್ರವಾಸಿಗರು ಸಹಾಯಕ್ಕೆಂದು ಏಳುವುದುಂಟು. ಕೂತಿರಿ ಎಂದು ದೋಣಿಗಾರ ಸನ್ನೆ ಮಾಡುತ್ತಾನೆ. ದೋಣಿ ಮರಳು ಬಿಟ್ಟು ತೇಲಿದ ಮೇಲೂ ಆ ಮುದುಕಿ ಕೈಗಳನ್ನು ಕೆಳಗಿಳಿಸದೆ, ಮುಂದಕ್ಕೆ ಚಾಚಿಕೊಂಡೇ, ದೋಣಿ ದಿಬ್ಬ ದಾಟುವವರೆಗೆ ಮೊಣಕಾಲುದ್ದದ ನೀರಿನಲ್ಲಿ ನಿಂತಿರುವುದು ಕಾಣುತ್ತದೆ.